ಯಂತ್ರದೊಳಗಿನ ಯಂತ್ರದಲ್ಲಿ ಪುಟ ಕಾಣೆಯಾದಾಗ

ಗಣಕಯಂತ್ರದ ಸ್ಮೃತಿಯನ್ನು ಸಮಗಾತ್ರದ ಪುಟಗಳನ್ನಾಗಿ ವಿಭಾಗಿಸುವ ಪದ್ಧತಿ ಇಂದು ನಿನ್ನೆಯದಲ್ಲ. ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರವು 1962ರಲ್ಲಿಯೇ ಇದನ್ನು ಬಳಸಿತ್ತು. ಪ್ರೋಗ್ರಾಮು ಹೇಳುವ ವಿಳಾಸ ಬೇರೆ, ಮಾಹಿತಿಯು ವಾಸ್ತವವಾಗಿ ಇರುವ ಸ್ಥಳ ಬೇರೆ. ಇವೆರಡನ್ನು ಹೊಂದಿಸುವುದೇ ಪುಟಕೋಷ್ಟಕ. ಬೇಕಾದ ಪುಟವು ಅದರಲ್ಲಿ ದೊರೆಯದಿದ್ದರೆ ಪ್ರೊಸೆಸರು ಕೆಲಸವನ್ನು ತಡೆದು ಆಪರೇಟಿಂಗ್ ಸಿಸ್ಟಮ್ಮಿಗೆ ದೂರು ಒಯ್ಯುತ್ತದೆ. ಇದಕ್ಕೆ ಪೇಜ್ ಫಾಲ್ಟ್ ಎಂದು ಹೆಸರು. ಹೆಸರು ದೋಷವನ್ನು ಸೂಚಿಸಿದರೂ ಇದು ಬಹುಮಟ್ಟಿಗೆ ನಿತ್ಯದ ವ್ಯವಹಾರವೇ ಸರಿ.

ತಂತ್ರಾಂಶದಿಂದಲೇ ರಚಿತವಾದ ಗಣಕಯಂತ್ರವನ್ನು ವರ್ಚುಯಲ್ ಮೆಷಿನ್, ಅಂದರೆ ಮಿಥ್ಯಾಯಂತ್ರ, ಎನ್ನುವರು. ಅದನ್ನು ನಡೆಸುವ ತಂತ್ರಾಂಶವನ್ನು ನಾವು ಮೇಲ್ವಿಚಾರಕನೆಂದು ಕರೆಯೋಣ. ಒಂದು ಮಿಥ್ಯಾಯಂತ್ರದೊಳಗೆ ಇನ್ನೊಬ್ಬ ಮೇಲ್ವಿಚಾರಕನು ಕುಳಿತು ಮತ್ತೊಂದು ಮಿಥ್ಯಾಯಂತ್ರವನ್ನು ನಡೆಸಿದರೆ? ಒಳಗಿನ ಪ್ರೋಗ್ರಾಮಿನ ವಿಳಾಸವು ನಿಜವಾದ ಸ್ಮೃತಿಯನ್ನು ಮುಟ್ಟಲು ಮೂರು ಸಲ ಬದಲಾಗಬೇಕು. ಇಂಟೆಲ್ ಮಾದರಿಯ ಪ್ರೊಸೆಸರು ಬಲ್ಲದ್ದು ಎರಡೇ ಬದಲಾವಣೆಗಳನ್ನು! ಅದಕ್ಕೆ ಹೊರಗಿನ ಮೇಲ್ವಿಚಾರಕನೊಬ್ಬನೇ ಯಜಮಾನ.

ಐ.ಬಿ.ಎಂ. ಸಂಶೋಧಕರು 2010ರಲ್ಲಿ ‘ಟರ್ಟಲ್ಸ್’ ಎಂಬ ಯೋಜನೆಯಲ್ಲಿ ತೋರಿಸಿದ ಮಾರ್ಗವಿದು. ಒಳಯಂತ್ರವು ತನ್ನ 7ನೆಯದೆಂದು ತಿಳಿದಿರುವ ಪುಟವು ನಡುವಿನವನ ಲೆಕ್ಕದಲ್ಲಿ 40, ಹೊರಗಿನವನ ಲೆಕ್ಕದಲ್ಲಿ 913 ಎಂದಿರಲಿ. ಹೊರಗಿನವನು ಇಬ್ಬರ ಕೋಷ್ಟಕಗಳನ್ನೂ ಬೆಸೆದು, 7 ಎಂದರೆ 913 ಎಂದು ಒಂದೇ ಕೋಷ್ಟಕದಲ್ಲಿ ಬರೆದಿಡುತ್ತಾನೆ. ಎರಡು ಮೆಟ್ಟಿಲು ಒಂದಾಯಿತು.

ಪುಟ ಕಾಣೆಯಾದರೆ ವಿಚಾರಣೆ ನಡೆಯಬೇಕು. ಕೊರತೆಯು ಒಳಯಂತ್ರದ ಸ್ವಂತ ಕೋಷ್ಟಕದಲ್ಲಿದ್ದರೆ ಅಲ್ಲಿಯ ಆಪರೇಟಿಂಗ್ ಸಿಸ್ಟಮ್ಮೇ ಸರಿಪಡಿಸಿಕೊಳ್ಳುತ್ತದೆ. ಹೊರಗೆ ಸುದ್ದಿಯೂ ಬಾರದು. ಉಳಿದ ದೂರುಗಳೆಲ್ಲ ಹೊರಗಿನವನಿಗೇ ಬರುತ್ತವೆ. ನಡುವಿನವನ ಕೋಷ್ಟಕದಲ್ಲಿ 7 ಇಲ್ಲವೆ? ಆಗ ಹೊರಗಿನವನು ತಾನೇ ಪುಟ ಒದಗಿಸಕೂಡದು. ಪ್ರೊಸೆಸರಿನ ವೇಷ ಧರಿಸಿ ದೂರನ್ನು ನಡುವಿನವನಿಗೆ ಒಪ್ಪಿಸಬೇಕು. ಅಲ್ಲಿ 7 ಇದ್ದು, 40ಕ್ಕೆ ನಿಜವಾದ ಪುಟ ದೊರೆತಿರದಿದ್ದರೆ, ಅದನ್ನು ಗುಟ್ಟಾಗಿ ತಾನೇ ಒದಗಿಸಿ ಬೆಸೆದ ಕೋಷ್ಟಕವನ್ನು ತುಂಬಬೇಕು.

ನಮಗೆ ಇದಕ್ಕಿಂತಲೂ ನಾಜೂಕಾಗಿ ಕಾಣುವುದು ಪುಟವನ್ನು ಹಿಂದಕ್ಕೆ ಪಡೆಯುವ ಸಂದರ್ಭ. ನಡುವಿನವನು 40ನೆಯ ಪುಟವನ್ನು ಕಿತ್ತು ಬೇರೊಂದು ಯಂತ್ರಕ್ಕೆ ಕೊಟ್ಟನೆನ್ನೋಣ. ಬೆಸೆದ ಕೋಷ್ಟಕದಲ್ಲಿ ಹಳೆಯ ಬರಹ ಉಳಿದಿದ್ದರೆ ಮೊದಲನೆಯ ಯಂತ್ರವು ಎರಡನೆಯದರ ಗುಟ್ಟುಗಳನ್ನು ನಿರಾತಂಕವಾಗಿ ಓದಬಲ್ಲದು! ಆದುದರಿಂದ ಕೋಷ್ಟಕವನ್ನು ತಿದ್ದಿದ ಬಳಿಕ ನಡುವಿನವನು, ಹಳೆಯ ನಕಲುಗಳನ್ನು ಅಳಿಸೆಂದು ಪ್ರೊಸೆಸರಿಗೆ ಆಜ್ಞೆ ಮಾಡಬೇಕು. ಈ ಆಜ್ಞೆಯು ಹೊರಗಿನವನ ಕೈಗೆ ಸಿಕ್ಕಿಬೀಳುತ್ತದೆ. ಅವನು ತನ್ನ ಬೆಸೆದ ಕೋಷ್ಟಕದ ಬರಹವನ್ನೂ ಅಳಿಸುತ್ತಾನೆ.

ಇಷ್ಟೆಲ್ಲ ಓಡಾಟವಿದ್ದರೂ, ಒಂದೇ ಮಟ್ಟದ ಮಿಥ್ಯಾಯಂತ್ರಕ್ಕೆ ಹೋಲಿಸಿದಾಗ ಅನೇಕ ಸಾಮಾನ್ಯ ಕೆಲಸಗಳಲ್ಲಿ ಟರ್ಟಲ್ಸ್ ಹಿಂದೆ ಬಿದ್ದದ್ದು ಶೇಕಡ 6ರಿಂದ 8ರಷ್ಟು ಮಾತ್ರ.