ಸರ್ಕಾರಿ ಶಾಲೆಗಳ ಹೊಸ ಕಟ್ಟಡ ಹಾಗೂ ವಾರ್ಷಿಕ ನಿರ್ವಹಣೆಗೆ ಅನುದಾನ: ಸಾರ್ವಜನಿಕರಿಗೆ ಮಾಹಿತಿ

ಎಸ್.ಎಸ್. ಬಡಾವಣೆ ಸೇರಿದಂತೆ ದಾವಣಗೆರೆ ಮತ್ತು ಹರಿಹರ ನಗರಗಳ ನಿವಾಸಿಗಳು ಸಮೀಪದ ಸರ್ಕಾರಿ ಶಾಲೆಗೆ ಕೊಠಡಿ, ಶೌಚಾಲಯ, ದುರಸ್ತಿ, ಪೀಠೋಪಕರಣ ಮುಂತಾದವುಗಳನ್ನು ಕೋರಿ ಒಂದೇ ಮನವಿ ಸಲ್ಲಿಸುವುದುಂಟು. ಆದರೆ ಕಟ್ಟಡಕ್ಕೆ ನೀಡುವ ಹಣ ಮತ್ತು ಶಾಲೆ ನಡೆಸಲು ನೀಡುವ ಹಣ ಬೇರೆ ಬೇರೆಯಾಗಿದ್ದು, ಇವೆರಡನ್ನೂ ಪ್ರತ್ಯೇಕವಾಗಿ, ಸಕಾಲದಲ್ಲಿ ಕೋರುವುದು ಅವಶ್ಯಕವಾಗಿದೆ.

ಎರಡು ಬಗೆಯ ವೆಚ್ಚ

ಸಂವಿಧಾನದ 202ನೇ ಅನುಚ್ಛೇದದಂತೆ ರಾಜ್ಯದ ಆಯವ್ಯಯದಲ್ಲಿ ರಾಜಸ್ವ ವೆಚ್ಚವನ್ನು ಇತರ ವೆಚ್ಚದಿಂದ ಪ್ರತ್ಯೇಕಿಸಿ ತೋರಿಸಬೇಕು. ಅದರಂತೆ ವೇತನ ಮತ್ತು ನಿರ್ವಹಣೆ ಸಾಮಾನ್ಯವಾಗಿ 2202 ಲೆಕ್ಕ ಶೀರ್ಷಿಕೆಯಡಿಯೂ, ಕಟ್ಟಡ ನಿರ್ಮಾಣ 4202 ಲೆಕ್ಕ ಶೀರ್ಷಿಕೆಯಡಿಯೂ ಬರುತ್ತವೆ. ಸುಣ್ಣಬಣ್ಣಕ್ಕೆ ಬಂದ ಹಣದಲ್ಲಿ ಹೊಸ ಕೊಠಡಿ ಕಟ್ಟಲಾಗದು. ಕೊಠಡಿಗೆ ಮಂಜೂರಾದ ಹಣದಲ್ಲಿ ಸೀಮೆಸುಣ್ಣ ಖರೀದಿಸಲಾಗದು.

ಹೊಸ ಕಟ್ಟಡ

ಕೊಠಡಿಗಳಿಗೆ ರಾಜ್ಯದ ಆಯವ್ಯಯ, ಸಮಗ್ರ ಶಿಕ್ಷಣ ಯೋಜನೆ ಹಾಗೂ ಸಂಸದರ ಮತ್ತು ಶಾಸಕರ ಪ್ರದೇಶಾಭಿವೃದ್ಧಿ ನಿಧಿಗಳಿಂದ ಅನುದಾನ ದೊರೆಯಬಹುದು. ರಾಜ್ಯ ಸರ್ಕಾರವು 2022-23ರಲ್ಲಿ ‘ವಿವೇಕ’ ಹೆಸರಿನಲ್ಲಿ ಕೊಠಡಿ ನಿರ್ಮಾಣ ಕೈಗೊಂಡಿತ್ತು. 2018-19ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ವೆಚ್ಚವನ್ನು ಕರ್ನಾಟಕದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸುತ್ತವೆ.

ಪ್ರಸ್ತಾವನೆಯು ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಮತ್ತು ಟೆಂಡರ್ ಹಂತಗಳನ್ನು ದಾಟಬೇಕಾಗುತ್ತದೆ. ಇದಕ್ಕೂ ಮೊದಲು ನಿವೇಶನದ ದಾಖಲೆ ಸರಿಯಾಗಿರಬೇಕು. ಹೊಸ ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯಕ್ಕೆ ಮೀಸಲಾದ ನಿವೇಶನವನ್ನು ಶಾಲೆಗೆ ಬಳಸಲು ಅವಕಾಶವಿದ್ದು, ಅದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಿಂದ ವಿಧಿವತ್ತಾಗಿ ಹಂಚಿಕೆಯಾಗಿರಬೇಕು. ಖಾಲಿ ಜಾಗವಿದೆ ಎಂಬ ಕಾರಣವೊಂದೇ ಸಾಲದು.

ವಾರ್ಷಿಕ ನಿರ್ವಹಣೆ

ಶಿಕ್ಷಕರ ವೇತನ ಖಜಾನೆಯ ಮೂಲಕ ಪಾವತಿಯಾಗುತ್ತದೆ. ಸಣ್ಣಪುಟ್ಟ ದುರಸ್ತಿ, ಬೋಧನೋಪಕರಣ, ಸ್ವಚ್ಛತೆ ಇತ್ಯಾದಿಗಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಸಂಯುಕ್ತ ಶಾಲಾ ಅನುದಾನವಿದೆ. 2021ರಲ್ಲಿ ಪರಿಷ್ಕೃತವಾದ ಮಾರ್ಗಸೂಚಿಯಂತೆ ವಾರ್ಷಿಕ ಮೊತ್ತ ಈ ಕೆಳಗಿನಂತಿದೆ:

1 ರಿಂದ 30 ಮಕ್ಕಳು: ರೂ. 10,000
31 ರಿಂದ 100 ಮಕ್ಕಳು: ರೂ. 25,000
101 ರಿಂದ 250 ಮಕ್ಕಳು: ರೂ. 50,000
251 ರಿಂದ 1,000 ಮಕ್ಕಳು: ರೂ. 75,000
1,000ಕ್ಕಿಂತ ಹೆಚ್ಚು: ರೂ. 1,00,000

ಈ ಮೊತ್ತದಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಒದಗಿಸುವುದಾಗಿ ರಾಜ್ಯ ಸರ್ಕಾರವು 2023ರ ನವೆಂಬರ್ 1ರಂದು ಪ್ರಕಟಿಸಿತು.

ದಾಖಲಾತಿಯ ಮಹತ್ವ

ಮೇಲಿನ ಪಟ್ಟಿಯಂತೆ 30 ಮಕ್ಕಳಿರುವ ಶಾಲೆಗೆ ಇನ್ನೊಂದು ಮಗು ಸೇರಿದರೆ ಅನುದಾನದ ಪ್ರಮಾಣ ರೂ. 15,000 ಹೆಚ್ಚುತ್ತದೆ, ಆ ಬಳಿಕ ಒಂದು ಮಗು ಶಾಲೆ ಬಿಟ್ಟರೆ ಅಷ್ಟೇ ಮೊತ್ತ ಕಡಿಮೆಯಾಗಲೂಬಹುದು. ಶಿಕ್ಷಕರ ಹುದ್ದೆಗಳೂ ಮಕ್ಕಳ ಸಂಖ್ಯೆಯನ್ನೇ ಅವಲಂಬಿಸಿವೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಂತೆ 1ರಿಂದ 5ನೇ ತರಗತಿವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ ಇರಬೇಕು. ಆದುದರಿಂದ ಹೊಸ ಕಟ್ಟಡ ಬಂದ ಮಾತ್ರಕ್ಕೆ ಹೊಸ ಶಿಕ್ಷಕರು ಬರುವುದಿಲ್ಲ. ಯು-ಡೈಸ್ ಪ್ಲಸ್ ಮಾಹಿತಿಯಲ್ಲಿ ಮಕ್ಕಳ ಸಂಖ್ಯೆ ಸಾಮಾನ್ಯವಾಗಿ ಸೆಪ್ಟೆಂಬರ್ 30ಕ್ಕೆ ಇದ್ದಂತೆ ದಾಖಲಾಗುವುದರಿಂದ, ಪೋಷಕರು ಅದಕ್ಕೂ ಮುನ್ನ ತಮ್ಮ ಮಗುವಿನ ಹೆಸರು ಸರಿಯಾಗಿ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

ಮನವಿ ಸಲ್ಲಿಸುವ ಕ್ರಮ

1. ಬೇಡಿಕೆಯನ್ನು ಮೊದಲು ಶಾಲೆಯ ಎಸ್.ಡಿ.ಎಂ.ಸಿ. ಸಭೆಯಲ್ಲಿ ಮಂಡಿಸಿ ನಿರ್ಣಯ ಪಡೆಯಬೇಕು. ಸದರಿ ಕಾಯ್ದೆಯ 22ನೇ ಪ್ರಕರಣದಡಿ ತಯಾರಿಸುವ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಅದು ಸೇರಿರಬೇಕು.

2. ಕಟ್ಟಡದ ಬೇಡಿಕೆಗೆ ನಿವೇಶನದ ದಾಖಲೆ, ಮಕ್ಕಳ ಸಂಖ್ಯೆ ಹಾಗೂ ಈಗಿರುವ ಕೊಠಡಿಗಳ ವಿವರ ಲಗತ್ತಿಸಿ, ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸಬೇಕು. ದಾವಣಗೆರೆಯಲ್ಲಿ ಉತ್ತರ ಮತ್ತು ದಕ್ಷಿಣ ವಲಯಗಳಿದ್ದು, ಹರಿಹರಕ್ಕೆ ಪ್ರತ್ಯೇಕ ಕಚೇರಿಯಿದೆ.

3. ಆರ್ಥಿಕ ವರ್ಷ ಏಪ್ರಿಲ್ 1ರಂದು ಆರಂಭವಾಗುವುದರಿಂದ, ಮುಂದಿನ ವರ್ಷದ ಕಾರ್ಯಯೋಜನೆ ಅಂತಿಮಗೊಳ್ಳುವ ಮೊದಲೇ ಮನವಿ ತಲುಪುವುದು ಅಪೇಕ್ಷಣೀಯ.

4. ಮಂಜೂರಾದ ಮತ್ತು ವೆಚ್ಚವಾದ ಮೊತ್ತದ ವಿವರವನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು.

ಕೊಠಡಿಯನ್ನು ಒಮ್ಮೆ ಕಟ್ಟಲಾಗುತ್ತದೆ. ಅದರ ನಿರ್ವಹಣೆಗೆ ಪ್ರತಿ ವರ್ಷ ಹಣ ಬೇಕು. ಸಾರ್ವಜನಿಕರು ಎರಡನ್ನೂ ಗಮನದಲ್ಲಿಟ್ಟು ಮನವಿ ಸಲ್ಲಿಸಲು ಕೋರಲಾಗಿದೆ.