ಪಾತ್ರೆಗೆ ತಕ್ಕ ಬರ್ನರ್, ಅಡುಗೆಗೆ ತಕ್ಕ ಉರಿ

ಆಸ್ಪತ್ರೆಯಿಂದ ಮನೆಗೆ ಹೋಗುವ ಅನೇಕ ರೋಗಿಗಳಿಗೆ ವೈದ್ಯರು ಕೆಲವು ದಿನ ಮೆತ್ತಗಿನ ಆಹಾರವನ್ನೇ ಕೊಡಲು ಹೇಳುತ್ತಾರೆ. ಗಂಜಿ, ಮೆತ್ತನೆಯ ಅನ್ನ, ಹೆಸರುಬೇಳೆ ಇವೆಲ್ಲ ಸುಲಭದ ಅಡುಗೆಗಳೇ. ಆದರೂ ಎಷ್ಟೋ ಸಲ ತಳ ಸೀದು, ಮೇಲಿನ ಕಾಳು ಬೇಯದೆ ಉಳಿಯುತ್ತದೆ. ಮೊದಲೇ ಬಾಯಿರುಚಿ ಕೆಟ್ಟಿರುವ ರೋಗಿಗಳು ಸೀದ ವಾಸನೆಗೆ ಊಟವನ್ನೇ ಬಿಡುತ್ತಾರೆ. ಪಾತ್ರೆಗೂ ಬರ್ನರಿಗೂ ಹೊಂದಾಣಿಕೆ ಇಲ್ಲದಿರುವುದು ಇದಕ್ಕೆ ಒಂದು ಮುಖ್ಯ ಕಾರಣ.

ಅಗಲ ಪಾತ್ರೆ, ಚಿಕ್ಕ ಬರ್ನರ್

ಉರಿ ತಗಲುವ ಜಾಗ ಮೊದಲು ಕಾಯುತ್ತದೆ. ಅಲ್ಲಿಂದ ಶಾಖವು ಪಾತ್ರೆಯ ತಳದ ಉಳಿದ ಭಾಗಕ್ಕೆ ಹರಡಬೇಕು. ಅಲ್ಯೂಮಿನಿಯಂ ಲೋಹವು ಸ್ಟೀಲಿಗಿಂತ ಸುಮಾರು 15 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ತೆಳುವಾದ ಸ್ಟೀಲ್ ಪಾತ್ರೆಯಲ್ಲಿ ಶಾಖ ಉರಿ ತಗಲಿದಲ್ಲೇ ನಿಲ್ಲುತ್ತದೆ. ಆದ್ದರಿಂದ ಅಗಲವಾದ ಪಾತ್ರೆಯನ್ನು ಚಿಕ್ಕ ಬರ್ನರ್ ಮೇಲೆ ಇಟ್ಟರೆ ನಡುವೆ ಸೀಯುತ್ತದೆ, ಅಂಚಿನಲ್ಲಿ ಬೇಯುವುದಿಲ್ಲ. ರೊಟ್ಟಿಯ ಹಂಚಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ: ನಡುವೆ ಕಪ್ಪು, ಸುತ್ತಲೂ ಹಸಿ.

ತಿಳಿಸಾರು ಕಾದಂತೆ ತಾನೇ ಮೇಲೆ ಕೆಳಗೆ ಹರಿದಾಡಿ ಶಾಖವನ್ನು ಹಂಚಿಕೊಳ್ಳುತ್ತದೆ. ಗಂಜಿ ಗಟ್ಟಿಯಾದಂತೆ ಈ ಹರಿದಾಟ ಕಡಿಮೆಯಾಗುತ್ತದೆ. ಹಾಗಾಗಿ ಗಂಜಿ ಬೇಗನೆ ತಳ ಹಿಡಿಯುತ್ತದೆ.

ಚಿಕ್ಕ ಪಾತ್ರೆ, ದೊಡ್ಡ ಬರ್ನರ್

ಇಲ್ಲಿ ಉರಿಯು ತಳವನ್ನು ದಾಟಿ ಪಾತ್ರೆಯ ಪಕ್ಕಕ್ಕೆ ಏರುತ್ತದೆ. ಹಾಲು ಅಂಚಿನಲ್ಲಿ ಸೀಯುತ್ತದೆ, ಹಿಡಿಕೆ ಕೈ ಸುಡುವಷ್ಟು ಕಾಯುತ್ತದೆ, ಗ್ಯಾಸ್ ವ್ಯರ್ಥವಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಹೊರಗೆ ಚಾಚಿದ ಉರಿ ಸೀರೆಯ ಸೆರಗಿಗೋ ದುಪಟ್ಟಾಕ್ಕೋ ತಗಲುವುದು. ರಾತ್ರಿಯೆಲ್ಲ ರೋಗಿಯ ಬಳಿ ಎಚ್ಚರವಿದ್ದು, ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಅಡುಗೆ ಮಾಡುವವರು ಈ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.

ನೆನಪಿಡಬೇಕಾದ ಅಂಶಗಳು

1. ಹಾಲು, ಚಹಾ, ಒಬ್ಬರಿಗಾಗುವಷ್ಟು ಗಂಜಿಗೆ ಚಿಕ್ಕ ಬರ್ನರ್ ಸಾಕು. ಹಂಚು, ದೊಡ್ಡ ಕುಕ್ಕರ್, ಅಗಲ ಪಾತ್ರೆಗಳಿಗೆ ದೊಡ್ಡ ಬರ್ನರ್ ಬಳಸಿರಿ.

2. ಒಲೆ ಹಚ್ಚಿದ ಮೇಲೆ ಸ್ವಲ್ಪ ದೂರ ನಿಂತು ಪಕ್ಕದಿಂದ ನೋಡಿರಿ. ಉರಿಯ ತುದಿ ಪಾತ್ರೆಯ ತಳದ ಅಂಚನ್ನು ದಾಟಬಾರದು. ದಾಟಿದರೆ ಉರಿ ತಗ್ಗಿಸಿರಿ.

3. ನೀರು ಕುದಿ ಬಂದ ಮೇಲೆ ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಅದರ ಬಿಸಿ ಹೆಚ್ಚುವುದಿಲ್ಲ. ಆವಿ ಮಾತ್ರ ಹೆಚ್ಚಾಗುತ್ತದೆ. ಆದ್ದರಿಂದ ಕುದಿ ಬಂದೊಡನೆ ಸಿಮ್‌ನಲ್ಲಿಟ್ಟು, ಉಕ್ಕದಂತೆ ಓರೆಯಾಗಿ ಮುಚ್ಚಿರಿ.

4. ಗಂಜಿಗೆ ದಪ್ಪ, ಸಮತಟ್ಟಾದ ತಳದ ಪಾತ್ರೆ ಉತ್ತಮ. ಅಂಥದು ಇಲ್ಲದಿದ್ದರೆ ಸಣ್ಣ ಉರಿಯಲ್ಲಿ ತಳದವರೆಗೆ ಸೌಟು ಆಡಿಸುತ್ತಿರಿ. ಹಂಚು ಚಿಕ್ಕ ಬರ್ನರ್ ಮೇಲಿದ್ದರೆ ಆಗಾಗ ಇಕ್ಕಳದಿಂದ ಸರಿಸುತ್ತಾ ಕಾಯಿಸಿರಿ.

5. ಉರಿ ನೀಲಿಯಾಗಿರಬೇಕು. ಹಳದಿ ಉರಿ ಬಂದು ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ತೂತುಗಳು ಕಟ್ಟಿರಬಹುದು. ಒಲೆ ಆರಿಸಿ, ಬರ್ನರ್ ತಣ್ಣಗಾದ ಮೇಲೆ ತೊಳೆದು ಪೂರ್ತಿ ಒಣಗಿಸಿರಿ. ಆಗಲೂ ಸರಿಹೋಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿರಿ. ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ.

6. ಹಿಡಿಕೆಯನ್ನು ಒಲೆಯ ಒಳಬದಿಗೆ ತಿರುಗಿಸಿ ಇಡಿರಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿರಿ.

ಸುಟ್ಟ ಗಾಯವಾದರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಬಳೆ, ಉಂಗುರಗಳನ್ನು ಬೇಗ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ತುಪ್ಪ ಹಚ್ಚಬಾರದು. ಬೊಬ್ಬೆಗಳನ್ನು ಒಡೆಯಬಾರದು. ಗಾಯ ದೊಡ್ಡದಾಗಿದ್ದರೆ, ಅಥವಾ ಮುಖ, ಕೈಗಳು ಸುಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಬನ್ನಿರಿ. ಸಕ್ಕರೆ ಕಾಯಿಲೆ ಇರುವವರು ಚಿಕ್ಕ ಗಾಯವನ್ನೂ ವೈದ್ಯರಿಗೆ ತೋರಿಸಬೇಕು.