ಮನೆಗೇ ಬಂತು ಬ್ಲೂ-ರೇ… ಬೀಗ ನೋಡಿ ಕೊಳ್ಳಿ!

ಚಿತ್ರಪ್ರೇಮಿ ಮಿತ್ರರೇ, ಮೊದಲ ದಿನ ಮೊದಲ ಆಟಕ್ಕೆ ಕ್ಯೂ ನಿಲ್ಲೋ ಹುಚ್ಚು ನಿಮಗೂ ಇದೆ, ನನಗೂ ಇದೆ. ಆದರೆ ಚಿತ್ರ ಟಾಕೀಸಿನಿಂದ ಎತ್ತಿದ ಮೇಲೆ? ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸೋ ಬ್ಲೂ-ರೇ ಡ್ರೈವ್ ಒಂದನ್ನು ಹಿಡಿದು ಕೂತು ಪರೀಕ್ಷಿಸಿದೆ. ತೀರ್ಪು? ಚಿತ್ರಕ್ಕೆ ಫಸ್ಟ್ ಕ್ಲಾಸ್, ರಗಳೆಗೂ ಫಸ್ಟ್ ಕ್ಲಾಸ್!

ಮೊದಲು ಒಳ್ಳೇದು ಹೇಳೋಣ. ನಮ್ಮ ಡಿವಿಡಿ ಚಿತ್ರದಲ್ಲಿ ಅಡ್ಡಕ್ಕೆ 720, ಮೇಲಿಂದ ಕೆಳಕ್ಕೆ 576 ಚುಕ್ಕಿ. ಬ್ಲೂ-ರೇಯಲ್ಲಿ 1920 ಮತ್ತು 1080. ಗುಣಿಸಿ ನೋಡಿ, ಸರಿಯಾಗಿ 5 ಪಟ್ಟು! ಕತ್ತಲೆಯ ಫೈಟಿಂಗ್‌ನಲ್ಲೂ ಖಳನಾಯಕನ ಹಣೆಯ ಬೆವರು ಕಾಣುತ್ತೆ.

ಅಂಗಡಿಯವನು ‘6 ಎಕ್ಸ್ ಸ್ಪೀಡು’ ಅಂತ ಜಂಬ ಕೊಚ್ಚಿದರೆ ಮರುಳಾಗಬೇಡಿ. ಚಿತ್ರ ಓಡಲು ಸೆಕೆಂಡಿಗೆ 54 ಮೆಗಾಬಿಟ್, ಅಂದರೆ ಒಂದೂವರೆ ಎಕ್ಸ್ ಸಾಕು. ಹಳೇ ಯುಎಸ್‌ಬಿ 2.0 ಕೂಡ ನಡೆಯುತ್ತೆ. ಕೇಳಬೇಕಾದ್ದು ಕರೆಂಟಿನ ಮಾತು: ಕೆಲವು ಡ್ರೈವ್‌ಗೆ ಒಂದೇ ಪಿನ್ನಿನ ಕರೆಂಟು ಸಾಲದು, ಎರಡು ಸಿಕ್ಕಿಸಬೇಕು.

ಇನ್ನು ಬೀಗಗಳ ಕಥೆ. ವಿಂಡೋಸ್ ತಾನಾಗಿ ಬ್ಲೂ-ರೇ ಚಿತ್ರ ತೋರಿಸೋದಿಲ್ಲ; ಅದಕ್ಕೆ ಪವರ್‌ಡಿವಿಡಿಯಂಥ ಸಾಫ್ಟ್‌ವೇರ್ ಬೇಕು. ಡ್ರೈವ್ ಜೊತೆ ಅದು ಬರದಿದ್ದರೆ ಬೇರೆ ಕಾಸು! ಎರಡನೇ ಬೀಗ ವಲಯ. ನಮ್ಮದು ‘ಸಿ’, ಅಮೆರಿಕದ್ದು ‘ಎ’, ಯುರೋಪಿನದು ‘ಬಿ’. ಅಮೆರಿಕದಿಂದ ಭಾವ ತಂದುಕೊಟ್ಟ ‘ಎ’ ಬೀಗದ ಡಿಸ್ಕು ‘ಸಿ’ಗೆ ಹೊಂದಿಸಿದ ಲ್ಯಾಪ್‌ಟಾಪಿನಲ್ಲಿ ಓಡದು.

‘ಹಂಗಾದ್ರೆ ನೇರ 4ಕೆ ಡಿಸ್ಕೇ ತರ್ತೀನಿ’ ಅಂತೀರಾ? ತಡೀರಿ ಗುರು! ಕಂಪ್ಯೂಟರಿನಲ್ಲಿ ಅದಕ್ಕೆ ಇಂಟೆಲ್ ಚಿಪ್ಪಿನೊಳಗಿನ ಎಸ್‌ಜಿಎಕ್ಸ್ ಎಂಬ ಕಾವಲುಗಾರ ಬೇಕು. 2021ರಲ್ಲಿ ಬಂದ 11ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪಿನಿಂದಲೇ ಇಂಟೆಲ್‌ನವರು ಆ ಕಾವಲುಗಾರನನ್ನು ಕಿತ್ತರು. ಡ್ರೈವ್ ಹೊಸದು, ಕಂಪ್ಯೂಟರ್ ಹೊಸದು, ಪರದೆ ಮಾತ್ರ ಕಪ್ಪು!

ಹಳೇ ಪಾಠವೂ ಒಂದುಂಟು. 2006ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಸಿಕ್ಕಿಸೋ ಎಚ್‌ಡಿ ಡಿವಿಡಿ ಡ್ರೈವ್ ಅಮೆರಿಕದಲ್ಲಿ 200 ಡಾಲರಿಗೆ ಬಂತು. 2008ರ ಫೆಬ್ರವರಿಯಲ್ಲಿ ತೋಷಿಬಾ ಎಚ್‌ಡಿ ಡಿವಿಡಿಯನ್ನೇ ಕೈಬಿಟ್ಟಿತು. ಕೊಂಡವರ ಡ್ರೈವ್ ಚೆನ್ನಾಗೇ ಇತ್ತು. ಹೊಸ ಡಿಸ್ಕು ಬರೋದೇ ನಿಂತಿತು.

ಆದ್ದರಿಂದ ನನ್ನ ಮಾತಿಷ್ಟೆ: ಮಾಮೂಲಿ ಬ್ಲೂ-ರೇ ಸಾಕು ಅನ್ನೋರು ಸಾಫ್ಟ್‌ವೇರ್ ಸಮೇತ ಬರೋ ಡ್ರೈವನ್ನೇ ಕೊಳ್ಳಿ. 4ಕೆ ಬೇಕೇಬೇಕು ಅನ್ನೋರು ಡ್ರೈವ್ ತಂಟೆಗೆ ಹೋಗದೆ, ಟಿವಿಗೆ ಸಿಕ್ಕಿಸೋ 4ಕೆ ಪ್ಲೇಯರ್‌ಗೆ ದುಡ್ಡು ಕೂಡಿಡಿ. ಬೆವರು ಸುರಿಸಿ ದುಡಿದ ಕಾಸು, ಕಪ್ಪು ಪರದೆಗೆ ಯಾಕೆ ಸುರೀಬೇಕು?